ಯಾವ ದಿನ ಬರ್ತಿ, ಅಕ್ಕಾ?

ಹೋದ ವಾರ ಶಾಲೆಯಲ್ಲಿ ಊಟ ಮುಗಿಸಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಮೊಬೈಲಿಗೆ ಒಂದು ಫೋಟೋ ಬಂತು. ಕಳಿಸಿದವನು ಬನಹಟ್ಟಿಯ ನನ್ನ ತಮ್ಮ ಮಲ್ಲು. ತೆರೆದು ನೋಡಿದರೆ ಮೂರು ದಿನದ ಸೈಕಲ್ ರೇಸಿನ ಕರಪತ್ರ. ಅವನ ಮಗಳು ಪೂರ್ಣಿಮಾ ಈ ಸಲ ಹುಡುಗಿಯರ ವಿಭಾಗದಲ್ಲಿ ಹೆಸರು ಕೊಟ್ಟಿದ್ದಾಳೆ. ಕೆಳಗೆ ಒಂದೇ ಸಾಲು ಬರೆದಿದ್ದ: "ಯಾವ ದಿನ ಬರ್ತಿ, ಅಕ್ಕಾ?"

ನನ್ನ ಕಣ್ಣು ನನ್ನನ್ನು ಕೇಳದೆಯೇ ಮೂರನೆಯ ದಿನದ ಮೇಲೆ ಹೋಗಿ ಕೂತಿತು. ಯಾಕೆಂದರೆ ಅಲ್ಲಿ 'ಬಹುಮಾನ ವಿತರಣೆ' ಎಂದು ದಪ್ಪ ಅಕ್ಷರದಲ್ಲಿತ್ತು. ಮರುಕ್ಷಣ ಮೈಯೆಲ್ಲ ಬಿಸಿಯಾಯಿತು. ನಲವತ್ತು ದಾಟಿದ ಹೆಂಗಸಿಗೆ ಹೀಗಾದರೆ ಪಕ್ಕದಲ್ಲಿದ್ದವರು ಫ್ಯಾನ್ ಜೋರು ಮಾಡುತ್ತಾರೆ. ನನಗೂ ಮಾಡಿದರು. ಅದು ವಯಸ್ಸಿನ ಬಿಸಿಯಲ್ಲ ಎಂದು ಅವರಿಗೆ ಹೇಗೆ ಹೇಳಲಿ? ನಿಮಗಾದರೂ ಹೇಳುತ್ತೇನೆ.

ಬಾಗಲಕೋಟೆ ಹೊಸದಾಗಿ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ನಾನು ಮುಧೋಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನೌಕರಿ ಹಿಡಿದಿದ್ದೆ. ನಮ್ಮದು ನೇಕಾರರ ಮನೆ. ಲಾಳಿಯ ಸದ್ದಿನಲ್ಲೇ ಹುಟ್ಟಿ, ಆ ಸದ್ದಿನಲ್ಲೇ ಓದಿ, ಮನೆತನದಲ್ಲಿ ಮೊದಲು ತಿಂಗಳ ಸಂಬಳ ಎಣಿಸಿದವಳು ನಾನು. ಅದರ ಗರ್ವ ಎಷ್ಟಿತ್ತೋ, ಮಗ್ಗದ ಮನೆಯವಳು ಎಂಬ ಸಂಕೋಚವೂ ಅಷ್ಟೇ ಇತ್ತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಗಣಿತದ ಸರೋಜಾ ಅಕ್ಕೋರು. (ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಅಕ್ಕನಿಗೇ ಒಂದಿಷ್ಟು ಗೌರವ ಸೇರಿಸಿದ ಮಾತು.) ಅವರ ತಂದೆಯೂ ಮಾಸ್ತರರು, ಗಂಡ ಎಂಜಿನಿಯರು, ಅಣ್ಣ ಬ್ಯಾಂಕಿನಲ್ಲಿ. ಅವರು ಮಾತಿಗೆ ಕೂತರೆ ಒಬ್ಬೊಬ್ಬ ಸಂಬಂಧಿಕನೂ ಒಂದೊಂದು ಕುರ್ಚಿಯ ಸಮೇತ ಬರುತ್ತಿದ್ದ. ನನ್ನ ಕಡೆಯಿಂದ ಕುರ್ಚಿ ಹಾಕಿ ಕೂರಿಸಲು ಯಾರಿದ್ದರು? ಹುಡುಕಿದೆ. ಮಲ್ಲು ಸಿಕ್ಕ.

ಮಲ್ಲು ಆಗ ಹತ್ತೊಂಬತ್ತರವನು. ನಮ್ಮ ಸೀಮೆಯಲ್ಲಿ ಹುಡುಗರಿಗೆ ಕುಸ್ತಿಯ ಹುಚ್ಚು ಹಿಡಿಯಬೇಕು, ಇಲ್ಲವೇ ಸೈಕಲ್ಲಿನ ಹುಚ್ಚು. ಇವನಿಗೆ ಎರಡನೆಯದು. ಬೆಳಿಗ್ಗೆ ಎದ್ದು ತೇರದಾಳಕ್ಕೆ ಹೋಗಿ ಬಂದು, ಆಮೇಲೆ ಅಪ್ಪನ ಜೊತೆ ಮಗ್ಗಕ್ಕೆ ಕೂರುತ್ತಿದ್ದ. ಒಮ್ಮೆ ತೇರದಾಳದ ಒಂದು ಓಣಿಯವರು ಇಟ್ಟ ರೇಸಿನಲ್ಲಿ ಎರಡನೆಯವನಾಗಿ ಸ್ಟೀಲಿನ ಡಬ್ಬಿ ಗೆದ್ದಿದ್ದ. ಆ ರೇಸಿನಲ್ಲಿ ಇದ್ದವರು ಒಟ್ಟು ಐದು ಜನ. ಅವರಲ್ಲಿ ಒಬ್ಬನ ಚೈನು ಹರಿದಿತ್ತು, ಇನ್ನೊಬ್ಬ ದಾರಿಯಲ್ಲಿ ಸಿಕ್ಕ ಮಾವನ ಜೊತೆ ಮಾತಿಗೆ ನಿಂತಿದ್ದ. ಸ್ಟಾಫ್ ರೂಮಿಗೆ ಬರುವ ಹೊತ್ತಿಗೆ ಆ ಡಬ್ಬಿ ಬೆಳ್ಳಿಯ ಕಪ್ ಆಯಿತು, ತೇರದಾಳದ ಓಣಿ ಇಡೀ ಜಿಲ್ಲೆಯಾಯಿತು. "ನಿಮ್ಮ ತಮ್ಮ ಅಂದ್ರ ಅಗದಿ ಚಾಂಪಿಯನ್ ಬಿಡ್ರಿ ಹಂಗಾರ," ಎಂದರು ಸರೋಜಾ ಅಕ್ಕೋರು. ನಾನು ಇಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಆ ಮೂರು ದಿನದ ರೇಸ್ ಬಂತು. ಮೊದಲ ದಿನ ಬನಹಟ್ಟಿಯಿಂದ ಜಮಖಂಡಿ, ಎರಡನೆಯ ದಿನ ಜಮಖಂಡಿಯಿಂದ ಬೀಳಗಿ, ಮೂರನೆಯ ದಿನ ಬೀಳಗಿಯಿಂದ ಮುಧೋಳ. ಮೂರೂ ದಿನದ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದಂತೆ. ಮಲ್ಲು ಹಿಂದಿನ ವಾರ ನನ್ನ ಬಾಡಿಗೆ ಕೋಣೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತು ಕೇಳಿದ:

"ಯಾವ ದಿನ ಬರ್ತಿ, ಅಕ್ಕಾ?"

"ನೀನ ಹೇಳು. ಯಾವ ದಿನ ಬರ್‍ಲಿ?"

"ಎರಡನೇ ದಿನ ಬಾ. ಬಾಡಗಂಡಿ ಕಡೆ ರಸ್ತಾದಾಗ ಎಲ್ಲೆರ ನಿಂದ್ರು. ಮೊದಲ್ನೇ ದಿನ ಅಪ್ಪ, ಅವ್ವ, ಓಣಿ ಮಂದಿ ಎಲ್ಲಾ ಇರ್ತಾರ. ಕಡೀ ದಿನ ಹೆಂಗೂ ಊರ ಮಂದಿ ಕೂಡಿರತೈತಿ. ನಡುವಿನ ದಿನ ಯಾರೂ ಇರಂಗಿಲ್ಲ. ಹಿನ್ನೀರಿನ ಕಡಿಂದ ಗಾಳಿ ಎದಿಗೇ ಬಡಿತೈತಿ. ಅಲ್ಲಿ ಒಬ್ಬರು ಹೆಸರ ಹಿಡದು ಒದರಿದ್ರ ಸಾಕು, ನೋಡು."

"ಆತು, ನೋಡೂಣು," ಎಂದೆ.

ಈ 'ನೋಡೂಣು' ಎಂಬ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಮನೆ ಕೆಡಿಸಿದೆಯೋ ಲೆಕ್ಕವಿಲ್ಲ. ಎರಡನೆಯ ದಿನ ಶುಕ್ರವಾರ. ರಜೆ ಹಾಕಬೇಕು, ಬಸ್ಸು ಹಿಡಿಯಬೇಕು, ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ನಿಲ್ಲಬೇಕು. ಅಷ್ಟೆಲ್ಲ ಮಾಡಿ ನೋಡುವುದೇನು? ಒಂದು ಕ್ಷಣ ಸುಂಯ್ ಎಂದು ಹೋಗುವ ಇಪ್ಪತ್ತು ಬೆನ್ನು. ಶನಿವಾರವಾದರೆ ಅರ್ಧ ದಿನ ಶಾಲೆ, ರೇಸ್ ನಮ್ಮ ಮುಧೋಳದಲ್ಲೇ ಮುಗಿಯುತ್ತದೆ, ಪೆಂಡಾಲು, ಮೈಕು, ಹಾರ ಎಲ್ಲ ಇರುತ್ತದೆ. ಇವು ನಾನು ನನಗೆ ಹೇಳಿಕೊಂಡ ಕಾರಣಗಳು. ನಿಜವಾದ ಕಾರಣ ಒಂದೇ. ಬಾಡಗಂಡಿಯ ರಸ್ತೆಗೆ ಸರೋಜಾ ಅಕ್ಕೋರು ಬರುತ್ತಿರಲಿಲ್ಲ. ಮುಧೋಳದ ಪೆಂಡಾಲಿಗೆ ಬರುತ್ತಿದ್ದರು.

ಶನಿವಾರ ನಾವು ನಾಲ್ವರು ಅಕ್ಕೋರು ಸಾಲಾಗಿ ಹೋಗಿ ರೇಸ್ ಮುಗಿಯುವ ಗೆರೆಯ ಹತ್ತಿರವೇ ನಿಂತೆವು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆ. ಅದು ಅಪ್ಪ ನೇಯ್ದದ್ದಲ್ಲ, ಅಂಗಡಿಯಲ್ಲಿ ಕೊಂಡದ್ದು. ಮೊದಲು ಪೊಲೀಸ್ ಜೀಪು ಬಂತು, ಹಿಂದೆಯೇ ಗುಂಪು. ಮುಖಗಳಿಗೆ ಧೂಳು, ತಲೆಗೆ ಹೆಲ್ಮೆಟ್. ಹೆತ್ತವಳಿಗೂ ಗುರುತು ಸಿಗದಂತಿದ್ದರು. ಒಬ್ಬ, ಇಬ್ಬರು, ಮೂವರು ಗೆರೆ ದಾಟಿದರು. ಸೈಕಲ್ ತುಳಿಯುವ ರೀತಿಯಿಂದಲೇ ತಿಳಿಯಿತು, ಅವರಲ್ಲಿ ಮಲ್ಲು ಇರಲಿಲ್ಲ. ಸರೋಜಾ ಅಕ್ಕೋರು ನನ್ನ ತೋಳು ಹಿಡಿದು ಜಗ್ಗಿದರು.

"ನಿಮ್ಮ ತಮ್ಮ ಯಾರ್ರೀ? ಹೇಳ್ರೆಲಾ!"

ಆ ಕ್ಷಣ ನೀಲಿ ಅಂಗಿಯ ಒಬ್ಬ ಹುಡುಗ ಗೆರೆ ದಾಟಿದ. ನನ್ನ ಬೆರಳು ಮೇಲೆದ್ದಿತು. "ಅಂವಾ... ಆ ನೀಲಿ ಅಂಗಿಯಂವಾ," ಎಂದೆ.

ಅವನು ನಾಲ್ಕನೆಯವನು. ಸುಳ್ಳಿಗೆ ಅದಕ್ಕಿಂತ ಅನುಕೂಲದ ಸ್ಥಾನ ಇನ್ನೊಂದಿಲ್ಲ. ಗೆದ್ದ ಹಾಗೂ ಇರುತ್ತದೆ, ಮೈಕಿನಲ್ಲಿ ಹೆಸರೂ ಕರೆಯುವುದಿಲ್ಲ. ಅಕ್ಕೋರುಗಳು ಚಪ್ಪಾಳೆ ತಟ್ಟಿದರು. ಆ ಹುಡುಗ ಯಾವ ಊರಿನವನೋ, ತನ್ನವರ ಟೆಂಪೋ ಹತ್ತಿ ಹೋಗಿಬಿಟ್ಟ. "ದಣದಿರ್ತಾನ್ರಿ, ಆಮ್ಯಾಲ ಮನಿಗೆ ಬರ್ತಾನ," ಎಂದು ಅದನ್ನೂ ನಾನೇ ಮುಚ್ಚಿದೆ. ಉಳಿದ ಇಬ್ಬರು ಅಕ್ಕೋರು ಬಸ್ಸಿನ ಹೊತ್ತಾಯಿತೆಂದು ಹೊರಟರು. ಸರೋಜಾ ಅಕ್ಕೋರು ಚಹಾ ಕುಡಿದೇ ಹೋಗೋಣವೆಂದರು. ಹಾರ ಹಾಕಿದ್ದಾಯಿತು, ಭಾಷಣವಾಯಿತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಆಗ ಬಂದ ಮಲ್ಲು.

ಹಿಂದಿನ ದಿನ ಬಾಡಗಂಡಿಯ ಕಡೆ ಅವನು ಬಿದ್ದಿದ್ದನಂತೆ. ರಸ್ತೆಯ ಮೇಲೆ ಉದುರಿ ಅರೆದುಹೋದ ಕಬ್ಬಿನ ಮೇಲೆ ಗಾಲಿ ಜಾರಿತ್ತು. ಹತ್ತಿರ ಯಾರೂ ಇರಲಿಲ್ಲ. ತಾನೇ ಎದ್ದು, ಡೊಂಕಾದ ಗಾಲಿಯನ್ನು ಮೊಣಕಾಲಿಗೆ ಆನಿಸಿ ಒತ್ತಿ ನೇರ ಮಾಡಿಕೊಂಡು ಬೀಳಗಿ ಮುಟ್ಟಿದ್ದ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಬೇರೆಯವರಿಂದ. ಆವತ್ತು ಕಂಡದ್ದು ಮೊಣಕಾಲಿಗೆ ಕಟ್ಟಿದ ಅರಿವೆ, ಅದರ ಮೇಲೆ ಒಣಗಿದ ರಕ್ತ, ಬ್ರೇಕಿಗೆ ತಾಗಿ ಚರ್ ಚರ್ ಎನ್ನುವ ಗಾಲಿ. ಗೆರೆಯ ಸುಣ್ಣವನ್ನು ಆಗಲೇ ಜನ ತುಳಿದು ಅಳಿಸಿದ್ದರು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ಮುಂದೆ ಹೋಗಿ ಇಳಿದ. ತಿರುಗಿ ನನ್ನನ್ನು ಕಂಡ. ಆ ಧೂಳಿನ ಮುಖದಲ್ಲಿ ಹಲ್ಲಷ್ಟೇ ಬೆಳ್ಳಗೆ ಕಂಡವು. ಕುಂಟುತ್ತ ನಮ್ಮ ಕಡೆಗೇ ಬಂದ.

"ಅಯ್ಯ ಪಾಪ! ಯಾವೂರಪಾ ತಮ್ಮಾ?" ಎಂದರು ಸರೋಜಾ ಅಕ್ಕೋರು.

"ಬನಹಟ್ಟಿರಿ."

"ಹೌದಾ? ನಮ್ಮ ಅಕ್ಕೋರ ತಮ್ಮನೂ ಬನಹಟ್ಟಿಯವನ. ನೀಲಿ ಅಂಗಿ ಹಾಕ್ಕೊಂಡಿದ್ದ ನೋಡು, ನಾಲ್ಕನೇದಂವಾ ಬಂದ. ನಿನಗ ಗೊತ್ತಿರಬೇಕಲಾ?"

ಮಲ್ಲು ನನ್ನ ಮುಖ ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ಪೆಂಡಾಲಿನವರು ಒಂದು ಕಂಬ ಕಿತ್ತು ನೆಲಕ್ಕೆ ಹಾಕಿದ ಸದ್ದು ಕೇಳಿತು.

"ಗೊತ್ತದಾನ್ರಿ," ಎಂದ. "ಛಲೋ ಹೊಡಿತಾನ್ರಿ ಅಂವಾ." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ..." ಎಂದು ಬಾಯಿಂದ ಬಂದೇಬಿಟ್ಟಿತ್ತು. ಅಲ್ಲಿಗೆ ತಡೆದ. ತಡೆದು, ಉಳಿದದ್ದನ್ನು ಸೇರಿಸಿದ. "...ಓರ, ಒಂದೀಟ ನೀರ ಐತೇನ್ರಿ?"

ಅಕ್ಕೋರ. ಮುಧೋಳದ ಯಾವ ಹುಡುಗನಾದರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದ. ಸರೋಜಾ ಅಕ್ಕೋರಿಗೆ ಏನೂ ಅನಿಸಲಿಲ್ಲ. ನನ್ನ ತಮ್ಮ ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಚೀಲದಿಂದ ಬಾಟಲಿ ತೆಗೆದು ಕೊಟ್ಟೆ. ತುಟಿಗೆ ತಾಗಿಸದೆ, ಪರರ ಬಾಟಲಿಯಿಂದ ಕುಡಿಯುವ ಹಾಗೆ ಎತ್ತಿ ಕುಡಿದು, "ಉಪಕಾರಾತ್ರಿ" ಎಂದು ಹಿಂದಿರುಗಿಸಿ, ಸೈಕಲ್ ದೂಡಿಕೊಂಡು ಹೋದ.

ಆ ಸಂಜೆ ಅವನು ನನ್ನ ಕೋಣೆಗೆ ಬರಬೇಕಿತ್ತು. ಮೊದಲೇ ಹೇಳಿದ್ದಂತೆ ಅವನಿಗಾಗಿ ಬೆಳಿಗ್ಗೆಯೇ ಹೋಳಿಗೆ ಮಾಡಿಟ್ಟಿದ್ದೆ. ಬರಲಿಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ನೇರ ಊರಿಗೆ ಹೋಗಿದ್ದ. ಹದಿನೈದು ದಿನ ಬಿಟ್ಟು, ಹೆದರುತ್ತಲೇ ನಾನು ಬನಹಟ್ಟಿಗೆ ಹೋದಾಗ ಅವ್ವ ಬಾಗಿಲಲ್ಲೇ ಹೇಳಿದಳು: "ಹೋಳಗಿ ಮಾಡಿದ್ದಿಯಂತಲಾ ಮಲ್ಲೂಗ? ಹೊಟ್ಟಿ ತುಂಬ ಉಂಡೆ ಬೇ, ಅಕ್ಕ ಭಾಳ ಛಲೋ ನೋಡ್ಕೊಂಡ್ಳು ಅಂದ."

ನಾನು ಹೇಳಿದ್ದು ಒಂದು ಸುಳ್ಳು. ಅದನ್ನು ಕಾಯಲು ಅವನು ಎರಡು ಸುಳ್ಳು ಹೇಳಿದ್ದ. ಆ ಯುಗಾದಿಯ ಹೊತ್ತಿಗೆ ಅವನ ಸೈಕಲ್ಲು ಮಾರಾಟವಾಯಿತು. ಅಪ್ಪನ ಕೈಮಗ್ಗದ ಜಾಗದಲ್ಲಿ ಎರಡು ಪವರ್‌ಲೂಮ್ ಬಂದವು, ಅವನು ಅವುಗಳ ಹಿಂದೆ ನಿಂತ. ಯಾಕೆ ಸೈಕಲ್ ಬಿಟ್ಟೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದು ಎಂಬ ಹೆದರಿಕೆ. ಅವನ ಮದುವೆಯಾಯಿತು, ನನ್ನದಾಯಿತು, ಅಪ್ಪ ಅವ್ವ ತೀರಿಕೊಂಡರು, ಜಮಖಂಡಿಗೆ ನನ್ನ ವರ್ಗವಾಯಿತು. ಹಬ್ಬಕ್ಕೆ ಹೋದೆ, ಬಂದೆ. ನಡುವೆ ಒಂದು ಮದುವೆಯಲ್ಲಿ ಸರೋಜಾ ಅಕ್ಕೋರು ಸಿಕ್ಕಿದ್ದರು. ಧೈರ್ಯ ಮಾಡಿ, "ಆವತ್ತ ಸೈಕಲ್ ರೇಸಿಗೆ ಹೋಗಿದ್ವಲ್ರಿ..." ಎಂದು ಶುರು ಮಾಡಿದೆ. "ಯಾವ ರೇಸ್ರೀ? ನನಗ ಒಂದೀಟೂ ನೆನಪಿಲ್ಲ ನೋಡ್ರಿ," ಎಂದು ನಕ್ಕರು. ಯಾರ ಕಣ್ಣಿಗಾಗಿ ತಮ್ಮನನ್ನು ಪರದೇಶಿ ಮಾಡಿದ್ದೆನೋ, ಆ ಕಣ್ಣು ನೋಡಿದ್ದನ್ನೇ ಮರೆತಿತ್ತು.

ಫೋಟೋ ಬಂದ ಮೇಲಿನ ಭಾನುವಾರ ಬನಹಟ್ಟಿಗೆ ಹೋದೆ. ಈಗ ಅವನ ಶೆಡ್ಡಿನಲ್ಲಿ ಆರು ಮಗ್ಗ, ಇಬ್ಬರು ಕೆಲಸದವರು. ಖಟಖಟ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅದೇ ಒಳ್ಳೆಯದಾಯಿತು ಎಂದುಕೊಂಡು ಅವನ ಹತ್ತಿರ ನಿಂತು ಹೇಳತೊಡಗಿದೆ. ಅವನು ಹರಿದ ಎಳೆ ಗಂಟು ಹಾಕುತ್ತಲೇ "ಏನಂದಿ?" ಎಂದ. ಇನ್ನೂ ಜೋರಾಗಿ ಹೇಳಿದೆ. "ಏನಕ್ಕಾ? ಕೇಳವಲ್ದು!" ನಾಚಿಕೆಯ ಮಾತನ್ನು ಪಿಸುಗುಟ್ಟುವುದೇ ಕಷ್ಟ, ನಾನು ಕೂಗಬೇಕಾಯಿತು. ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ ಕೂಗಿದೆ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಆರೂ ಮಗ್ಗ ಒಮ್ಮೆಲೇ ನಿಂತವು. ಆ ಮೌನದಲ್ಲಿ ನನ್ನ ದನಿಯೊಂದೇ ಉಳಿಯಿತು:

"ಆವತ್ತ ಮುಧೋಳದಾಗ ನೀ ನನ್ನ ತಮ್ಮ ಅಂತ ಹೇಳಾಕ ನನಗ ನಾಚಿಕಿ ಬಂದಿತ್ತೋ, ಮಲ್ಲೂ!"

ಕೆಲಸದವರು ಇಬ್ಬರೂ ನನ್ನ ಕಡೆ ನೋಡಿ, ನೋಡದವರ ಹಾಗೆ ಹೊರಗೆ ಹೋದರು. ಮಲ್ಲು ಕೈ ಒರೆಸಿಕೊಂಡು ಮಗ್ಗದ ಅಂಚಿಗೆ ಒರಗಿದ.

"ಖರೆ ಹೇಳ್ಲೇನಕ್ಕಾ? ಸೈಕಲ್ ಬಿಟ್ಟದ್ದು ನಿನ್ನ ಸಲುವಾಗಿ ಅಲ್ಲ. ನನಗ ಅಷ್ಟ ದಮ್ಮ ಇರಲಿಲ್ಲ, ಅದು ನನಗ ಗೊತ್ತಿತ್ತು. ಆದ್ರ ನೀ ಎಂದರ ಒಂದ ದಿನ ಈ ಮಾತ ತಗೀತಿ ಅಂತ ಭಾಳ ವರ್ಷ ಕಾದೆ. ಆಮ್ಯಾಲ ಕಾಯೂದೂ ಬಿಟ್ಟೆ."

ತಪ್ಪಿಲ್ಲ ಬಿಡು ಎಂದು ಅವನು ಅನ್ನಲಿಲ್ಲ. ಅನ್ನಲಿ ಎಂದು ನಾನು ಬಂದಿದ್ದೆ ಎಂಬುದು, ಅವನು ಅನ್ನದಿದ್ದಾಗಲೇ ನನಗೆ ತಿಳಿದದ್ದು. ಒಳಗೆ ಹೋಗಿ ಉಂಡೆವು. ಪೂರ್ಣಿಮಾ ತಾನೇ ಬಡಿಸಿದಳು.

"ಅತ್ತಿ, ನೀ ಯಾವ ದಿನ ಬರ್ತಿ?"

"ಮೂರೂ ದಿನ ಬರ್ತೇನಿ," ಎಂದೆ ಹುರುಪಿನಿಂದ.

"ಅಯ್ಯ, ಮೂರೂ ದಿನ ಬ್ಯಾಡ! ನನಗ ಹೆದರಿಕಿ ಆಗತೈತಿ. ಒಂದ ದಿನ ಬಾ ಸಾಕು."

ನಾನು ಮಲ್ಲುವಿನ ಮುಖ ನೋಡಿದೆ. ಅವನು ಮೊಸರು ಕಲಸುತ್ತ, ತಲೆ ಎತ್ತದೆ, "ಮೊದಲ್ನೇ ದಿನ ನಾ ಇರ್ತೇನಿ. ಕಡೀ ದಿನ ಊರ ಇರತೈತಿ," ಎಂದ. ಅಷ್ಟೇ ಅಂದ.

ನಿನ್ನೆ ರಜೆಯ ಅರ್ಜಿ ಕೊಟ್ಟೆ. ಕಾರಣ ಬರೆಯುವಲ್ಲಿ 'ತಮ್ಮನ ಮಗಳ ಸೈಕಲ್ ರೇಸು, ಎರಡನೆಯ ದಿನ' ಎಂದು ಬರೆದೆ. ಪಕ್ಕದ ಹೊಸ ಅಕ್ಕೋರು ಇಣುಕಿ ನೋಡಿ ಕೇಳಿದರು:

"ಗೆಲ್ತಾಳೇನ್ರಿ ನಿಮ್ಮ ಹುಡುಗಿ?"

"ಗೊತ್ತಿಲ್ರಿ. ಮೊದಲ್ನೇ ಸಲ ಹೊಂಟಾಳ. ಎಲ್ಲಾರಕಿಂತ ಕಡೀಕೂ ಬರಬಹುದು."

"ಬರ್‍ಲಿ ಬಿಡ್ರಿ," ಎಂದು ಅವರು ತಮ್ಮ ಪೇಪರು ತಿದ್ದಲು ಕೂತರು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ, ನನ್ನನ್ನು ಯಾರೂ ಕೀಳಾಗಿ ನೋಡಲಿಲ್ಲ. ಇಷ್ಟು ಹಗುರಾದ ಮಾತಾಗಿತ್ತು ಅದು. ಹಗುರಾಗಿತ್ತು ಎಂದು ತಿಳಿದ ಮೇಲೆ ನನ್ನ ನಾಚಿಕೆ ಇಳಿಯಬೇಕಿತ್ತು; ಇಷ್ಟಕ್ಕೇ ಆವತ್ತು ತಮ್ಮನನ್ನು ಬಿಟ್ಟುಕೊಟ್ಟೆನಲ್ಲ ಎಂದು ಅದು ಇನ್ನಷ್ಟು ಏರಿತು. ಗಂಟೆ ಹೊಡೆದರೂ ಎದ್ದು ವರ್ಗಕ್ಕೆ ಹೋಗಲಾರದೆ, ಬಿಸಿಯಾದ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.