ಗೋಡೆಯ ಇನ್ನೊಂದು ಗಡಿಯಾರ

ನಮ್ಮ ಅತ್ತೆ ಆಲ್ಟರೇಷನ್ ಟೈಲರ್. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು, ಸೊಂಟ ಸಡಿಲಿಸುವುದು ಅವರ ಕೆಲಸ. ಪಕ್ಕದ ಮಿಷನ್ನಿನಲ್ಲಿ ಕೂತು ಬೈಸಿಕೊಳ್ಳುವುದು ಸೊಸೆಯಾದ ನನ್ನದು. ಗಿರಾಕಿ ಯಾರೇ ಬರಲಿ, ಅತ್ತೆಯದು ಒಂದೇ ಮಾತು: ನಾಳೆ ಬನ್ನಿ. ಅವರೂ ನಾಳೆ ಬರುತ್ತಿರಲಿಲ್ಲ, ಇವರೂ ಹೊಲಿದಿಟ್ಟಿರುತ್ತಿರಲಿಲ್ಲ. ನಮ್ಮೂರೇ ಹಾಗೆ. ಬಸ್ಸು ಮನಸ್ಸು ಬಂದಾಗ ಬರುತ್ತದೆ, ಆದರೆ ಕಂಡಕ್ಟರು ನಿಮ್ಮ ಮಂಡಿನೋವು ವಿಚಾರಿಸದೆ ಟಿಕೆಟ್ ಹರಿಯುವುದಿಲ್ಲ.

ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ಇದ್ದದ್ದು ಸಮುದ್ರದಾಚೆಯ ಊರಿನಲ್ಲಿ. ನಾವು ಅಂಗಡಿ ಬಾಗಿಲು ಹಾಕುವಾಗ ಅಲ್ಲಿ ಮಧ್ಯಾಹ್ನ. ಅಲ್ಲಿ ಬಸ್ಸು ಗಡಿಯಾರ ನೋಡಿಕೊಂಡು ಬರುತ್ತದಂತೆ, ಪಕ್ಕದ ಮನೆಯವರು ವರ್ಷಗಟ್ಟಲೆ ಹೆಸರೂ ಕೇಳುವುದಿಲ್ಲವಂತೆ. ಇಲ್ಲಿ ಯಾರೂ ತಲೆ ತಿನ್ನುವುದಿಲ್ಲ ಎಂದು ಮೊದಮೊದಲು ಹೊಗಳುತ್ತಿದ್ದವರು, ಗಂಡ ತೀರಿಕೊಂಡ ಮೇಲೆ ಅದನ್ನೇ ಬೇರೆ ದನಿಯಲ್ಲಿ ಹೇಳತೊಡಗಿದರು.

ಅಕ್ಕನಿಗೆ ಲೆಕ್ಕ ತಪ್ಪದಿರಲಿ ಎಂದು ಅಂಗಡಿಯ ಗೋಡೆಗೆ ಆ ಊರಿನ ಹೊತ್ತು ತೋರಿಸುವ ಇನ್ನೊಂದು ಗಡಿಯಾರ ಹಾಕಿಸಿದ್ದೂ ಅವರೇ. ಅಲ್ಲಿ ಚಳಿ ಕಳೆದರೆ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಚಳಿ ಶುರುವಾದರೆ ಹಿಂದಕ್ಕೆ. ಹೊತ್ತೇನು ಪ್ಯಾಂಟಿನ ಮಡಿಕೆಯೇ, ಬಿಚ್ಚಿ ಹೊಲಿಯುವುದಕ್ಕೆ ಎಂದು ಅತ್ತೆ ಗೊಣಗುತ್ತಿದ್ದರು. ಚಿಕ್ಕತ್ತೆ ಫೋನಿನಲ್ಲಿ ಮುಳ್ಳು ತಿರುಗಿಸಕ್ಕಾ ಎಂದ ಮೇಲೆ ಸ್ಟೂಲು ಹತ್ತಿ ತಿರುಗಿಸುತ್ತಿದ್ದರು.

ಈ ವರ್ಷ ಚಳಿ ಕಳೆಯುವ ಹೊತ್ತಿಗೆ ಚಿಕ್ಕತ್ತೆ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಹಿಂದಿನ ದಿನ ಕೇಳಿದ್ದರು: "ಅಕ್ಕಾ, ವಾಸಿಯಾದ್ಮೇಲೆ ಅಲ್ಲಿಗೇ ಬಂದ್ಬಿಡ್ಲಾ? ನಿನ್ ಜೊತೆ ಇರ್ತೀನಿ."

ಮಗನನ್ನು ಕೇಳಿ ನಾಳೆ ಹೇಳುತ್ತೇನೆ ಎಂದರು ಅತ್ತೆ. ಇದರಲ್ಲಿ ಕೇಳುವುದೇನಿದೆ ಎಂದು ನನ್ನ ಗಂಡ ರೇಗಿ, ಒಂದು ಮಂಚ ತಂದು ಅಂಗಡಿಯ ಹಿಂದಿನ ಕೋಣೆಗೆ ಹಾಕಿಯೇಬಿಟ್ಟರು.

ಆ ವಾರ್ಡಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಮಧ್ಯಾಹ್ನ ಒಂದೇ ಒಂದು ಗಂಟೆಯ ಕಾಲ ವಾರ್ಡಿನ ಫೋನಿಗೆ ಮಾಡಬಹುದು. ಆಪರೇಷನ್ ಮುಗಿದು ಎಚ್ಚರವಾಗಿದೆ ಎಂದು ತಿಳಿದ ದಿನ ಅತ್ತೆ ಗೋಡೆಯ ಗಡಿಯಾರ ನೋಡಿಯೇ ಮಾಡಿದರು. ಮುಳ್ಳು ತಿರುಗಿಸು ಎನ್ನುವವರೇ ಮಲಗಿದ್ದರಲ್ಲ, ಅಲ್ಲಿ ಹೊತ್ತು ಒಂದು ಗಂಟೆ ಮುಂದಕ್ಕೆ ಹೋಗಿದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊತ್ತು ಮೀರಿದೆ ಎಂದಳು ಅಲ್ಲಿದ್ದ ಕನ್ನಡದ ನರ್ಸು. ಒಳ್ಳೆಯ ಹುಡುಗಿಯೇ, ಏನಾದರೂ ಇದ್ದರೆ ಹೇಳಿ, ತಿಳಿಸುತ್ತೇನೆ ಎಂದೂ ಅಂದಳು. ಹೇಳಿ ಹೇಳಿ ಎಂದು ನಾನು ಕೈಸನ್ನೆ ಮಾಡಿದೆ.

"ಬೇಡ ಬಿಡಮ್ಮಾ," ಎಂದರು ಅತ್ತೆ. "ನಾಳೆ ನಾನೇ ಹೇಳ್ತೀನಿ."

ಮರುದಿನ ಆ ಹೊತ್ತು ಬರುವ ಮೊದಲೇ ಆಸ್ಪತ್ರೆಯವರೇ ಫೋನ್ ಮಾಡಿದರು. ಚಿಕ್ಕತ್ತೆ ಹೋಗಿಬಿಟ್ಟಿದ್ದರು. ಅತ್ತೆ ಕೇಳಿಸಿಕೊಂಡರು, ಫೋನ್ ನನ್ನ ಕೈಗೆ ಕೊಟ್ಟರು, ಅರ್ಧ ಹಾಕಿದ್ದ ಜಿಪ್ಪನ್ನು ಪೂರ್ತಿ ಹಾಕಿದರು. ಅಳಲಿಲ್ಲ. ಅತ್ತರೆ ಸಾಕಪ್ಪಾ ಎಂದು ಕಾದು ಕಾದು ನನಗೇ ಕೋಪ ಬಂತು. ಅಂದಿನಿಂದ ಗಿರಾಕಿಗಳ ಬಟ್ಟೆ ಅಂದಂದೇ ಸಿದ್ಧ. ತೆಗೆದುಕೊಂಡು ಹೋಗಲು ಅವರು ಬಂದರೆ ತಾನೇ? ಬಟ್ಟೆ ಆ ಮಂಚದ ಮೇಲೆ ರಾಶಿ ಬಿತ್ತು.

ಮೊನ್ನೆ ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಚಳಿ ಶುರುವಾಗಿ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾರೆ. ಯಾರೂ ಮುಟ್ಟದ ನಮ್ಮ ಗಡಿಯಾರ ತಾನಾಗಿಯೇ ಸರಿಹೋಗಿದೆ. ನನ್ನ ಬಾಯಿ ಸುಮ್ಮನಿರಲಿಲ್ಲ, ಹೇಳಿಬಿಟ್ಟೆ.

ಅತ್ತೆ ಗೋಡೆ ನೋಡಿದರು. "ಕಿತ್ಕೊಂಡಿದ್ ಗಂಟೆ ವಾಪಸ್ ಕೊಟ್ರಾ?"

ಹೂಂ ಎಂದೆ.

"ಹಾಗಾದ್ರೆ ಈಗ ಫೋನ್ ಮಾಡೋ ಹೊತ್ತು," ಎಂದರು. ಸೂಜಿಗೆ ದಾರ ಪೋಣಿಸಿ ಮುಂದಿನ ಪ್ಯಾಂಟು ಎತ್ತಿಕೊಂಡರು.