ಮಾಣಿಕಪ್ಪನ ಜೋಗುಳ

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಕೂಸು ಮಲಗಿಸುವುದರಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ನಂಬಿದವನು ನೇಕಾರ ಮಾಣಿಕಪ್ಪ. ನಲವತ್ತು ವರ್ಷ ಮಗ್ಗದ ಸದ್ದು ಕೇಳಿ ಕೇಳಿ ಅವನ ಕಿವಿ ಮಂದವಾಗಿದೆ. ಈ ವಿದ್ಯೆಗೆ ಅದೇ ಅವನ ಬಂಡವಾಳ. ಬಾಣಂತನಕ್ಕೆ ಬಂದಿರುವ ಮಗಳು ನವನೀತಾಳ ಕೂಸು ರಾತ್ರಿ ಓಣಿಗೆ ಓಣಿಯೇ ಎದ್ದು ಕೂರುವಂತೆ ಕಿರುಚುವಾಗ, ಇವನು ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿ, "ನೋಡವ್ವಾ, ಮಲಗೇ ಬಿಡ್ತು. ನನ್ನ ಕೈಗುಣನ ಹಂಗೈತಿ" ಎನ್ನುತ್ತಾನೆ. "ಅಪ್ಪಾ, ಇನ್ನೂ ಅಳಾಕತ್ತೈತಿ!" ಎಂದು ಮಗಳು ಅವನ ಕಿವಿಯಲ್ಲಿ ಕೂಗಿದರೆ, "ಮಲಗಿದ್ದ ಕೂಸಿನ್ನ ನೀನ ಒದರಿ ಎಬ್ಬಿಸಿದಿ" ಎಂದು ಅವಳನ್ನೇ ಬೈಯುತ್ತಾನೆ. ಬೆಳಿಗ್ಗೆ ಚಹಾ ಅಂಗಡಿಯಲ್ಲಿ ನಮಗೆಲ್ಲ ಕೂಸು ಮಲಗಿಸುವ ಪಾಠ ಹೇಳುತ್ತಾನೆ. ರಾತ್ರಿಯಿಡೀ ಕಣ್ಣು ಮುಚ್ಚದ ನಾವು ಆಕಳಿಸುತ್ತ ಕೇಳುತ್ತೇವೆ. ಆದರೆ ಒಂದು ಸಂಗತಿ ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ: ತೊಟ್ಟಿಲಲ್ಲಿ ಕೂಸು ಎದ್ದಾಗ, ಕಿವಿ ನೆಟ್ಟಗಿರುವ ಎಲ್ಲರಿಗಿಂತ ಮೊದಲು ಎಚ್ಚರಾಗುವವನು ಅವನೇ. ಮೊನ್ನೆ ನಸುಕಿನಲ್ಲಿ ಲೈಟು ಹಾಕಿದ ನವನೀತಾ ಅದರ ಗುಟ್ಟು ಕಂಡಳಂತೆ. ತೊಟ್ಟಿಲಿಗೆ ಕಟ್ಟಿದ ರೇಷ್ಮೆಯ ಹುರಿಯೊಂದು ಇಳಿದು ಬಂದು, ಕೆಳಗೆ ಚಾಪೆಯ ಮೇಲೆ ಮಲಗಿದ್ದ ಅಪ್ಪನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಕೂಸು ಮಿಸುಕಿದರೆ ಹುರಿ ಬೆರಳನ್ನು ಜಗ್ಗಿ ಅವನನ್ನು ಎಬ್ಬಿಸಬೇಕು. ಆಗ ಕೂಸು ನಿದ್ದೆಯಲ್ಲಿತ್ತು, ಅಪ್ಪನೂ ಗೊರಕೆ ಹೊಡೆಯುತ್ತಿದ್ದ. ಅವನ ಕಾಲು ಮಾತ್ರ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕಾಲುಮಣೆ ತುಳಿಯುವ ಹಾಗೆ, ಮೆಲ್ಲಗೆ ತೊಟ್ಟಿಲು ತೂಗುತ್ತಲೇ ಇತ್ತು.