ನಗ್ವಾಳ ಪಾರಿವಾಳ

ನೈಲ್ ನದೀಮುಖದ ಆ ಹಳ್ಳಿಯಲ್ಲಿ ವಗೀದಾಳಿಗೆ ಓರಗಿತ್ತಿ ನಗ್ವಾಳನ್ನು ಕಂಡರೆ ಹೊಟ್ಟೆಯುರಿ. ಹೆಪಟೈಟಿಸ್ ಸಿ ಇದೆಯೆಂದು ನಗ್ವಾಳಿಗೆ ಸರ್ಕಾರದ ಮಾತ್ರೆ ಶುರುವಾದದ್ದೇ ತಡ, ಆಯಾಸವಾದೀತೆಂದು ಅತ್ತೆ ಅವಳನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅಕ್ಕಿ ತುಂಬಿ ಬೇಯಿಸಿದ ಪಾರಿವಾಳ ನಗ್ವಾಳ ತಟ್ಟೆಗೆ. ಪುಕ್ಕ ಕೀಳುವ ಕೆಲಸ ವಗೀದಾಳ ಪಾಲಿಗೆ.

ತನಗೂ ಆ ಕಾಯಿಲೆ ಅಂಟಲಿ ಎಂದು ವಗೀದಾ, ನಗ್ವಾ ಕಚ್ಚಿಟ್ಟ ಪಾರಿವಾಳದ ಕಾಲನ್ನು ಕದ್ದು ತಿನ್ನತೊಡಗಿದಳು. ಕಾಲು ಕಾಣೆಯಾದಾಗೆಲ್ಲ ಅತ್ತೆಯ ಬೈಗುಳ ಬೆಕ್ಕಿಗೆ ಬೀಳುತ್ತಿತ್ತು. ಕೊನೆಗೊಂದು ದಿನ ಅತ್ತೆಯನ್ನೂ ಎಳೆದುಕೊಂಡು ರಕ್ತಪರೀಕ್ಷೆಗೆ ಹೋದಳು.

“ನಿಂಗೇನೂ ಇಲ್ಲ ತಾಯಿ,” ಅಂದಳು ನರ್ಸ್.

“ಸರಿಯಾಗಿ ನೋಡಿ. ದಿನಾ ಅವಳ ಎಂಜಲೇ ತಿಂದಿದೀನಿ.”

“ಎಂಜಲಿಂದ ಬರಲ್ಲ, ರಕ್ತದಿಂದ ಬರೋದು. ಅವಳ ಬ್ಲೇಡು, ಸೂಜಿ ಮಾತ್ರ ಬಳಸಬೇಡ.”

ವಗೀದಾಳ ಮುಖ ಸಪ್ಪಗಾಯಿತು. ಪಕ್ಕದಲ್ಲಿದ್ದ ಅತ್ತೆ ನಿಧಾನವಾಗಿ ಅವಳತ್ತ ತಿರುಗಿದಳು.

“ಹಂಗಾದ್ರೆ ಕಾಲು ಕದೀತಿದ್ದದ್ದು ಬೆಕ್ಕಲ್ಲ.”